ಕಣ್ಣಿದ್ದೂ ಕಾಣದ್ದು

ಇಂದು ಮೊದಲು ಒಂದು ಸಣ್ಣ ಪ್ರಯೋಗ. ಇದಕ್ಕೆ ಖರ್ಚಿಲ್ಲ. ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು ಮಾಡಬಹುದು.

ಗೆರೆ ಹಾಕಿದ ನೋಟ್ ಪುಸ್ತಕದ ಒಂದು ಹಾಳೆ ತೆಗೆದುಕೊಳ್ಳಿ. ಯಾವುದಾದರೊಂದು ಗೆರೆಯ ಮೇಲೆ ಎಡಗಡೆಗೆ ಕೂಡುವ ಚಿಹ್ನೆ ಬರೆಯಿರಿ. ಅದೇ ಗೆರೆಯ ಮೇಲೆ, ಅಲ್ಲಿಂದ 8 ಸೆಂಟಿಮೀಟರ್ ಬಲಕ್ಕೆ, ಕಡಲೆಕಾಳಿಗಿಂತ ಸ್ವಲ್ಪ ಚಿಕ್ಕದಾದ ಒಂದು ಕಪ್ಪು ಚುಕ್ಕೆ ಇಡಿ. ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು, ಬಲಗಣ್ಣಿನಿಂದ ಕೂಡುವ ಚಿಹ್ನೆಯನ್ನೇ ದಿಟ್ಟಿಸುತ್ತ ಹಾಳೆಯನ್ನು ನಿಧಾನವಾಗಿ ಮುಖದ ಹತ್ತಿರಕ್ಕೆ ತನ್ನಿ. ಸುಮಾರು 30 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ!

ಮಕ್ಕಳು ಸಾಮಾನ್ಯವಾಗಿ ಇಷ್ಟಕ್ಕೇ ಚಪ್ಪಾಳೆ ತಟ್ಟಿಬಿಡುತ್ತಾರೆ. ಆದರೆ ನಿಜವಾದ ಸ್ವಾರಸ್ಯ ಇರುವುದು ಮುಂದೆ. ಚುಕ್ಕೆ ಇದ್ದ ಜಾಗದಲ್ಲಿ ತೂತಾಗಲಿ ಕತ್ತಲೆಯಾಗಲಿ ಕಾಣುವುದಿಲ್ಲ. ಹಾಳೆಯ ಗೆರೆ ಅಲ್ಲಿಯೂ ತುಂಡಾಗದೆ ಮುಂದುವರಿದಂತೆಯೇ ಕಾಣುತ್ತದೆ.

ಕಾರಣ ಸರಳ. ಕಣ್ಣಿನ ಹಿಂಭಾಗದ ಅಕ್ಷಿಪಟಲದಿಂದ ನರತಂತುಗಳೆಲ್ಲ ಒಟ್ಟಾಗಿ ಮಿದುಳಿನತ್ತ ಹೊರಡುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಜೀವಕೋಶಗಳೇ ಇಲ್ಲ. ಅದನ್ನು ಅಂಧಬಿಂದು ಎನ್ನುತ್ತೇವೆ. 1660ರ ದಶಕದಲ್ಲಿ ಇದನ್ನು ಕಂಡುಹಿಡಿದವನು ಫ್ರಾನ್ಸಿನ ಎದ್ಮೆ ಮಾರಿಯೋಟ್. ನಾವು ಬಾಯ್ಲ್ ನಿಯಮ ಎಂದು ಓದುವ ಅನಿಲ ನಿಯಮವನ್ನು ಫ್ರೆಂಚರು ಇವನ ಹೆಸರಿನಿಂದ ಕರೆಯುತ್ತಾರೆ. ಅಂಧಬಿಂದುವಿನ ಮೇಲೆ ಬಿದ್ದ ವಸ್ತು ನಮಗೆ ಕಾಣುವುದಿಲ್ಲ. ಮಿದುಳು ಮಾತ್ರ ಸುಮ್ಮನಿರದೆ ಸುತ್ತಲಿನ ಬಣ್ಣ, ಗೆರೆಗಳಿಂದ ಆ ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ. ಹೀಗಾಗಿ, ನಮಗೆ ಕಾಣುತ್ತಿಲ್ಲ ಎಂಬುದೇ ನಮಗೆ ತಿಳಿಯುವುದಿಲ್ಲ.

ಕಣ್ಣಿಗೆ ಇರುವ ಈ ಗುಣ ಮನಸ್ಸಿಗೂ ಇದೆಯೇ? ಇದ್ದರೆ ಅದಕ್ಕೆ ಔಷಧವೇನು? ಇದನ್ನು ಒಬ್ಬ ಮನುಷ್ಯನ ಬದುಕಿನಲ್ಲಿ ನೋಡೋಣ. ಅವನ ಹೆಸರು ಜಾನ್ ನ್ಯೂಟನ್. ಸೇಬಿನ ಹಣ್ಣಿನ ನ್ಯೂಟನ್ ಅಲ್ಲ! ಐಸಾಕ್ ನ್ಯೂಟನ್ 1727ರಲ್ಲಿ ತೀರಿಕೊಂಡಾಗ ಈ ಜಾನ್ ನ್ಯೂಟನ್‌ಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಮರಳಿನ ಮೇಲೆ ರೇಖಾಗಣಿತ

ಜಾನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ಬಂದರು ಪ್ರದೇಶವಾದ ವಾಪಿಂಗ್‌ನಲ್ಲಿ. ತಂದೆ ವ್ಯಾಪಾರಿ ಹಡಗಿನ ಕಪ್ತಾನ. ತಾಯಿ ದೈವಭಕ್ತೆ. ಮಗನಿಗೆ ಓದು, ಬೈಬಲಿನ ಭಾಗಗಳು, ಭಕ್ತಿಗೀತೆಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕಲಿಸಿದವಳು ಆಕೆಯೇ. ಆದರೆ ಹುಡುಗನಿಗೆ ಏಳು ತುಂಬುವ ಮೊದಲೇ ಆಕೆ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ಹುಡುಗ ತಂದೆಯ ಹಡಗು ಹತ್ತಿದ.

ಮುಂದಿನದು ಕೈತಪ್ಪಿದ ಮಗನ ಕಥೆ. 1744ರಲ್ಲಿ ಅವನನ್ನು ಬಲವಂತವಾಗಿ ಬ್ರಿಟಿಷ್ ನೌಕಾಪಡೆಗೆ ಸೇರಿಸಿಕೊಂಡರು. ಅಲ್ಲಿಂದ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು ಛಡಿ ಏಟು ತಿಂದ. ಆಮೇಲೆ ಪಶ್ಚಿಮ ಆಫ್ರಿಕಾಕ್ಕೆ ಹೊರಟ ಹಡಗಿಗೆ ವರ್ಗವಾಗಿ, ಸಿಯೆರಾ ಲಿಯೋನ್ ಕರಾವಳಿಯ ಗುಲಾಮರ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆ ನಿಂತ. ಅಲ್ಲಿ ಕಾಯಿಲೆ ಬಿದ್ದ. ಹೊಟ್ಟೆಗಿಲ್ಲದೆ, ಮೈಗೆ ಬಟ್ಟೆಯಿಲ್ಲದೆ ಸ್ವತಃ ಗುಲಾಮನಂತೆ ಬಾಳಿದ. ಅವನ ಬಳಿ ಉಳಿದಿದ್ದ ಪುಸ್ತಕ ಒಂದೇ ಒಂದು, ಯೂಕ್ಲಿಡನ ರೇಖಾಗಣಿತ. ದ್ವೀಪದ ಮೂಲೆಯಲ್ಲಿ ಒಬ್ಬನೇ ಕುಳಿತು, ಉದ್ದದ ಕೋಲಿನಿಂದ ಮರಳಿನ ಮೇಲೆ ಆಕೃತಿಗಳನ್ನು ಬರೆದು ಪ್ರಮೇಯಗಳನ್ನು ಕಲಿತನಂತೆ. ಗಣಿತದ ಪುಸ್ತಕ ಮುಟ್ಟಲು ಬೇಸರಪಡುವ ಮಕ್ಕಳು ಇದನ್ನು ನೆನಪಿಡಬೇಕು!

ಬುದ್ಧಿ ಹೀಗೆ ಚುರುಕು, ನಾಲಿಗೆ ಮಾತ್ರ ಹೊಲಸು. ತಾಯಿ ಕಲಿಸಿದ ನಂಬಿಕೆಯನ್ನು ತಾನು ಬಿಟ್ಟದ್ದು ಸಾಲದೆಂದು ಇತರರಿಂದಲೂ ಬಿಡಿಸಲು ನೋಡುತ್ತಿದ್ದ. ತಂದೆಯ ಕೋರಿಕೆಯ ಮೇಲೆ ಅವನನ್ನು ಹುಡುಕಿ ಹತ್ತಿಸಿಕೊಂಡ ‘ಗ್ರೇಹೌಂಡ್’ ಹಡಗಿನ ಕಪ್ತಾನನೇ ಅವನ ದೇವದೂಷಣೆಯ ಮಾತು ಕೇಳಿ ಬೆದರಿದನಂತೆ.

ಮೇಣ ಉಳಿಸಿದ ಹಡಗು

1748ರ ಮಾರ್ಚ್ ತಿಂಗಳು. ಊರಿಗೆ ಮರಳುತ್ತಿದ್ದ ‘ಗ್ರೇಹೌಂಡ್’ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿತು. ರಾತ್ರಿಯಲ್ಲಿ ಹಡಗಿನ ಒಂದು ಪಕ್ಕ ಕಿತ್ತುಹೋಗಿ ನೀರು ನುಗ್ಗಿತು. ನಾವಿಕರು ತಮ್ಮ ಬಟ್ಟೆಬರೆ, ಹಾಸಿಗೆಗಳನ್ನೇ ಬಿರುಕಿಗೆ ತುರುಕಿ ಮೇಲೆ ಹಲಗೆ ಬಡಿದರು. ನ್ಯೂಟನ್ ತನ್ನನ್ನು ಹಗ್ಗದಿಂದ ಬಿಗಿದುಕೊಂಡು ಮಧ್ಯಾಹ್ನದವರೆಗೆ ನೀರೆತ್ತುವ ಪಂಪು ಒತ್ತಿದ. ಆಮೇಲೆ ನಡುರಾತ್ರಿಯವರೆಗೆ ಚುಕ್ಕಾಣಿ ಹಿಡಿದು ನಿಂತ. ಕಪ್ತಾನನೊಡನೆ ಮಾತನಾಡುವಾಗ ‘ದೇವರೇ ಕರುಣಿಸಬೇಕು’ ಎಂಬರ್ಥದ ಮಾತು ಬಾಯಿಂದ ಬಂದುಬಿಟ್ಟಿತು. ವರ್ಷಗಳಿಂದ ದೇವರನ್ನು ಹಳಿಯುತ್ತಿದ್ದವನಿಗೆ ತನ್ನ ಮಾತು ಕೇಳಿ ತನಗೇ ಆಶ್ಚರ್ಯ. ನನ್ನಂಥವನಿಗೆ ಕರುಣೆ ಹೇಗೆ ಸಿಕ್ಕೀತು ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ.

ಹಡಗು ಮುಳುಗಲಿಲ್ಲ. ಅದರಲ್ಲಿದ್ದ ಸರಕು ಬಹುಪಾಲು ಜೇನುಮೇಣ ಮತ್ತು ಮರ, ಎರಡೂ ನೀರಿಗಿಂತ ಹಗುರ. ಇದನ್ನು ನ್ಯೂಟನ್ನನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೇಣದ ಸಾಪೇಕ್ಷ ಸಾಂದ್ರತೆ ಸುಮಾರು 0.96. ಒಂದಕ್ಕಿಂತ ಕಡಿಮೆಯಾದ್ದರಿಂದ ಅದು ತೇಲುತ್ತದೆ. ವಿಜ್ಞಾನದ ಮೇಷ್ಟರಾದವರು ಇಲ್ಲಿಗೇ ‘ಪವಾಡವೇನೂ ಇಲ್ಲ, ಆರ್ಕಿಮಿಡೀಸ್‌ನ ತತ್ತ್ವ’ ಎಂದು ಪಾಠ ಮುಗಿಸಬಹುದು. ನ್ಯೂಟನ್‌ಗೂ ಆ ತತ್ತ್ವ ಗೊತ್ತಿತ್ತು. ಮೇಣ ತೇಲುವುದು ಪ್ರಕೃತಿಯ ನಿಯಮ. ಯೋಗ್ಯತೆಯಿಲ್ಲದ ತನಗೆ ಬದುಕು ಇನ್ನೊಮ್ಮೆ ಸಿಕ್ಕಿತಲ್ಲ, ಅದನ್ನು ಅವನು ಕೃಪೆ ಎಂದು ಕರೆದ. ನಿಯಮ ತಿಳಿದವನು ಕೃತಜ್ಞನಾಗಿರಬಾರದು ಎಂದು ಯಾವ ವಿಜ್ಞಾನವೂ ಹೇಳಿಲ್ಲ.

ಏಪ್ರಿಲ್ ತಿಂಗಳಲ್ಲಿ ಹಡಗು ಐರ್ಲೆಂಡಿನ ದಡ ಮುಟ್ಟಿತು. ನ್ಯೂಟನ್ ದೇವದೂಷಣೆ ಬಿಟ್ಟ, ಸತ್ಯವೇದ ಓದತೊಡಗಿದ, ಪ್ರಾರ್ಥಿಸತೊಡಗಿದ. ಆ ಮಾರ್ಚ್ ದಿನವನ್ನು ಬದುಕಿನುದ್ದಕ್ಕೂ ವರ್ಷ ವರ್ಷ ನೆನೆದ.

ಇಲ್ಲಿಗೆ ಮುಗಿಸಿದರೆ ಕಥೆ ಸೊಗಸಾಗಿಯೇ ಇರುತ್ತದೆ. ಎಷ್ಟೋ ಜನ ಇಲ್ಲಿಗೇ ಮುಗಿಸುತ್ತಾರೆ.

ಮೇಲೆ ಪ್ರಾರ್ಥನೆ, ಕೆಳಗೆ ಸಂಕೋಲೆ

ದೇವರ ಕಡೆ ತಿರುಗಿದ ಈ ಮನುಷ್ಯ ಮುಂದೆ ಹಿಡಿದ ಕೆಲಸ ಯಾವುದು ಗೊತ್ತೇ? ಗುಲಾಮರ ಹಡಗಿನ ಕೆಲಸವೇ. ಮೊದಲು ಸಹಾಯಕ ಅಧಿಕಾರಿಯಾಗಿ ಹೋದ. 1750ರಿಂದ 1754ರ ನಡುವೆ ಕಪ್ತಾನನಾಗಿಯೇ ಮೂರು ಸಲ ಆಫ್ರಿಕಾಕ್ಕೆ ಹೋಗಿ, ಗಂಡಸರು ಹೆಂಗಸರು ಮಕ್ಕಳನ್ನು ಕೊಂಡು, ಅಟ್ಲಾಂಟಿಕ್ ದಾಟಿಸಿ ಮಾರಿದ. ಹಡಗಿನ ಕೆಳ ಅಂತಸ್ತಿನ ಎತ್ತರ ಸುಮಾರು ಐದು ಅಡಿ. ಅದನ್ನೂ ನಡುವೆ ಹಲಗೆ ಹಾಕಿ ಎರಡು ಮಾಡಿ, ಇಬ್ಬಿಬ್ಬರನ್ನು ಸೇರಿಸಿ ಬೇಡಿ ತೊಡಿಸಿ, ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಮಲಗಿಸುತ್ತಿದ್ದರು. ದಂಗೆಯ ಸುಳಿವು ಸಿಕ್ಕಾಗ ಹುಡುಗರ ಹೆಬ್ಬೆರಳಿಗೆ ತಿರುಪು ಬಿಗಿಸಿ ಬಾಯಿ ಬಿಡಿಸಿದ್ದನ್ನು ಅವನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ನಾಲ್ಕು ಶತಮಾನಗಳಷ್ಟು ಕಾಲ ನಡೆದ ಈ ವ್ಯಾಪಾರದಲ್ಲಿ ಆಫ್ರಿಕಾದಿಂದ ಹಡಗು ಹತ್ತಿಸಲ್ಪಟ್ಟವರು ಸುಮಾರು 1.25 ಕೋಟಿ ಜನ. ಅವರಲ್ಲಿ 15 ಲಕ್ಷಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ಸತ್ತರೆಂದು ಇತಿಹಾಸಕಾರರ ಅಂದಾಜು.

ಇದೇ ದಿನಗಳಲ್ಲಿ, ಅದೇ ಹಡಗಿನ ಮೇಲಿನ ಅಂತಸ್ತಿನಲ್ಲಿ, ಕಪ್ತಾನ ನ್ಯೂಟನ್ ಭಾನುವಾರದಂದು ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದ. ಊರಿನಲ್ಲಿದ್ದ ಹೆಂಡತಿ ಮೇರಿಗೆ ಪ್ರೀತಿ ತುಂಬಿದ ಪತ್ರಗಳನ್ನು ಬರೆಯುತ್ತಿದ್ದ. ಕೆಲವು ತಿಂಗಳ ಅಗಲಿಕೆಯೇ ತನಗೆ ಇಷ್ಟು ನೋವು ಕೊಡುವಾಗ, ಕಾಲಡಿಯ ಹಲಗೆಯ ಕೆಳಗೆ ಶಾಶ್ವತವಾಗಿ ಅಗಲಿದ ಗಂಡ ಹೆಂಡಿರಿದ್ದಾರೆ ಎಂದು ಅವನಿಗೆ ತೋಚಲಿಲ್ಲ. ಬೇಡಿ ಬೀಗಗಳ ಈ ಕೆಲಸದ ಬಗ್ಗೆ ಅವನಿಗೆ ಆಗಾಗ ಬೇಸರವಾಗುತ್ತಿತ್ತು, ಇದಕ್ಕಿಂತ ಮಾನವೀಯವಾದ ಉದ್ಯೋಗ ಕೊಡೆಂದು ದೇವರನ್ನು ಬೇಡುತ್ತಲೂ ಇದ್ದ. ಆದರೆ ಇದು ಪಾಪ ಎಂದು ಹೊಳೆಯಲಿಲ್ಲ. 1754ರಲ್ಲಿ ಅವನು ಸಮುದ್ರಯಾನ ಬಿಟ್ಟದ್ದೂ ಮನಸ್ಸು ಕರಗಿ ಅಲ್ಲ, ಹಠಾತ್ತನೆ ಬಂದ ಮೂರ್ಛೆಯ ಕಾರಣದಿಂದ.

ಅಂಧಬಿಂದು ಎಂದರೆ ಇದು. ಖಾಲಿ ಜಾಗ ಕಾಣುವುದಿಲ್ಲ, ಗೆರೆ ಅಖಂಡವಾಗಿಯೇ ಕಾಣುತ್ತದೆ. ಎಲ್ಲರೂ ಮಾಡುವ ಕೆಲಸ, ಕಾನೂನು ಒಪ್ಪಿದ ಕೆಲಸ, ಹೊಟ್ಟೆಗೆ ಅನ್ನ ಕೊಡುವ ಕೆಲಸ. ಈ ಮೂರೂ ಸೇರಿದ ಕಡೆ ಮನುಷ್ಯನ ಕಣ್ಣು ಮಂಜಾಗುವಷ್ಟು ಬೇರೆಲ್ಲೂ ಆಗದು.

ನಡೆದಾಡುವ ಮರಗಳು

ಈ ಕಥೆಯನ್ನು ತರಗತಿಯಲ್ಲಿ ಹೇಳಿದರೆ ಒಬ್ಬರಲ್ಲ ಒಬ್ಬರು ಎದ್ದು ಕೇಳುತ್ತಾರೆ: “ಸಾರ್, ದೇವರನ್ನು ನಂಬಿದ ಮೇಲೂ ಮನುಷ್ಯರನ್ನು ಮಾರಿದನಲ್ಲ, ಹಾಗಾದರೆ ಅವನ ನಂಬಿಕೆ ಸುಳ್ಳು ತಾನೇ?” ಒಳ್ಳೆಯ ಪ್ರಶ್ನೆ. ಬೇಗ ಉತ್ತರ ಕೊಟ್ಟು ಕೂರಿಸುವಂಥದ್ದಲ್ಲ.

ಮಾರ್ಕನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಬೇತ್ಸಾಯಿದ ಎಂಬ ಊರಿನಲ್ಲಿ ಒಬ್ಬ ಕುರುಡನನ್ನು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾರೆ. ಯೇಸು ಅವನ ಕೈ ಹಿಡಿದು ಊರ ಹೊರಗೆ ಕರೆದುಕೊಂಡು ಹೋಗಿ, ಕಣ್ಣು ಮುಟ್ಟಿ, ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಾನೆ. ಮನುಷ್ಯರು ಕಾಣುತ್ತಾರೆ, ಆದರೆ ಮರಗಳು ನಡೆದಾಡುವ ಹಾಗೆ ಕಾಣುತ್ತಾರೆ ಎಂದು ಅವನ ಉತ್ತರ. ಯೇಸು ಮತ್ತೊಮ್ಮೆ ಕೈಯಿಡುತ್ತಾನೆ. ಆಗ ಎಲ್ಲವೂ ಸ್ಪಷ್ಟವಾಗುತ್ತದೆ. ಸುವಾರ್ತೆಗಳ ಬೇರಾವ ಕುರುಡನ ಕಥೆಯಲ್ಲೂ ಹೀಗೆ ಎರಡು ಹಂತಗಳಿಲ್ಲ.

ಮೊದಲ ಸ್ಪರ್ಶ ಸುಳ್ಳಾಗಿರಲಿಲ್ಲ, ಅದು ಅರ್ಧವಾಗಿತ್ತು. ನ್ಯೂಟನ್‌ಗೆ ಬಿರುಗಾಳಿಯ ರಾತ್ರಿ ಆದದ್ದು ಆ ಮೊದಲ ಸ್ಪರ್ಶ. ಅವನಿಗೆ ದೇವರು ಕಂಡ, ತನ್ನ ಹೊಲಸು ನಾಲಿಗೆ ಕಂಡಿತು. ಹಡಗಿನ ತಳದಲ್ಲಿದ್ದವರು ಮಾತ್ರ ನಡೆದಾಡುವ ಮರಗಳಾಗಿಯೇ ಉಳಿದರು, ಎಣಿಸಿ ಮಾರುವ ಮರಗಳು. ಎರಡನೆಯ ಸ್ಪರ್ಶಕ್ಕೆ ಅವನು ಬಹುಕಾಲ ಕಾಯಬೇಕಾಯಿತು.

ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದುಕೊಂಡು ಗ್ರೀಕ್, ಹೀಬ್ರೂ ಕಲಿತ. 1764ರಲ್ಲಿ ಪಾದ್ರಿಯಾಗಿ ಓಲ್ನಿ ಎಂಬ ಊರಿಗೆ ಹೋದ. ಕಸೂತಿ ಪಟ್ಟಿ ಹೆಣೆದು ಹೊಟ್ಟೆ ಹೊರೆಯುವ ಬಡವರೇ ಹೆಚ್ಚಾಗಿದ್ದ ಊರು ಅದು. 1773ರ ಹೊಸವರ್ಷದ ಆರಾಧನೆಗೆಂದು ಅಲ್ಲಿ ಅವನು ಬರೆದ ಗೀತೆಯೇ ಇಂದು ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’. ಅದರಲ್ಲಿ ಅವನು ತನ್ನನ್ನು, ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಬರುವ, ದೃಷ್ಟಿ ಪಡೆದ ಹುಟ್ಟುಕುರುಡನಂತೆ ಕಂಡುಕೊಂಡಿದ್ದಾನೆ. ಸೂಕ್ಷ್ಮವಾಗಿ ಗಮನಿಸಿ: ತನಗೆ ಕಣ್ಣು ಬಂದಿತೆಂದು ಹಾಡು ಬರೆದಾಗಲೂ ಗುಲಾಮರ ವ್ಯಾಪಾರದ ವಿರುದ್ಧ ಅವನು ಬಹಿರಂಗವಾಗಿ ಬಾಯಿ ಬಿಟ್ಟಿರಲಿಲ್ಲ. ಅದಕ್ಕೆ ಇನ್ನೂ 15 ವರ್ಷ ಬೇಕಾಯಿತು.

ಇನ್ನೊಂದು ಕಣ್ಣು

ನಮ್ಮ ಪ್ರಯೋಗದಲ್ಲಿ ಒಂದು ಮಾತು ಉಳಿದಿತ್ತು. ಎಡಗಣ್ಣನ್ನು ಮುಚ್ಚಿಕೊಳ್ಳಲು ಹೇಳಿದ್ದೇಕೆ? ಎರಡೂ ಕಣ್ಣು ತೆರೆದಿದ್ದರೆ ಚುಕ್ಕೆ ಮಾಯವಾಗುವುದೇ ಇಲ್ಲ. ಎರಡು ಕಣ್ಣುಗಳ ಅಂಧಬಿಂದುಗಳು ನೋಟದಲ್ಲಿ ಒಂದೇ ಜಾಗಕ್ಕೆ ಬೀಳುವುದಿಲ್ಲ. ಒಂದಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ.

ಮನಸ್ಸಿನ ವಿಷಯದಲ್ಲಿ ಆ ಇನ್ನೊಂದು ಕಣ್ಣು ಬೇರೆಯವರ ಮುಖದಲ್ಲಿರುತ್ತದೆ. ‘ಆ ಕಾಲವೇ ಹಾಗಿತ್ತು’ ಎಂದು ನ್ಯೂಟನ್ನನ ಪರವಾಗಿ ಪೂರ್ತಿ ವಾದಿಸಲು ಬರುವುದಿಲ್ಲ, ಯಾಕೆಂದರೆ ಆ ಕಾಲದಲ್ಲೂ ಕಂಡವರಿದ್ದರು. ಅಮೆರಿಕದ ಜರ್ಮನ್‌ಟೌನ್ ಎಂಬಲ್ಲಿ ಕ್ವೇಕರ್ ಪಂಥದ ಕೆಲವರು ಗುಲಾಮಗಿರಿಯ ವಿರುದ್ಧ ಲಿಖಿತ ಪ್ರತಿಭಟನೆ ಸಲ್ಲಿಸಿದ್ದು 1688ರಲ್ಲಿ. ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1774ರಲ್ಲಿ ಅದನ್ನು ಖಂಡಿಸಿ ಪುಸ್ತಕ ಬರೆದ. ಸ್ವತಃ ಗುಲಾಮನಾಗಿದ್ದು ಹಣ ಕೊಟ್ಟು ಬಿಡುಗಡೆ ಪಡೆದ ಒಲಾಡಾ ಎಕ್ವಿಯಾನೊ 1789ರಲ್ಲಿ ತನ್ನ ಬದುಕಿನ ಕಥೆ ಪ್ರಕಟಿಸಿ, ಬೇಡಿ ತೊಟ್ಟವನ ಕಣ್ಣಿಗೆ ಹಡಗು ಹೇಗೆ ಕಂಡಿತೆಂದು ಇಂಗ್ಲೆಂಡಿಗೆ ತೋರಿಸಿದ. ಇವರೆಲ್ಲ ಅದೇ ಬೈಬಲನ್ನು ಓದಿದವರೇ.

1785ರ ಡಿಸೆಂಬರಿನಲ್ಲಿ 26 ವರ್ಷದ ಪಾರ್ಲಿಮೆಂಟ್ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸ್ ಗುಟ್ಟಾಗಿ ನ್ಯೂಟನ್ನನನ್ನು ಕಾಣಲು ಬಂದ. ದೇವರ ಸೇವೆಗಾಗಿ ರಾಜಕೀಯ ಬಿಡಬೇಕೇ ಎಂಬ ತೊಳಲಾಟ ಅವನದು. ಬಿಡಬೇಡ, ಅಲ್ಲೇ ಇದ್ದು ಸೇವೆ ಮಾಡು ಎಂದು ಆಗ ಲಂಡನ್ನಿನಲ್ಲಿ ಪಾದ್ರಿಯಾಗಿದ್ದ ನ್ಯೂಟನ್ ಹೇಳಿ ಕಳುಹಿಸಿದ. ಎರಡು ವರ್ಷಗಳಲ್ಲಿ ಅದೇ ಯುವಕ ಗುಲಾಮರ ವ್ಯಾಪಾರ ನಿಲ್ಲಿಸುವ ಹೋರಾಟಕ್ಕೆ ನಿಂತ. ಈಗ ಸಾಕ್ಷಿ ಬೇಕಾಗಿತ್ತು. ಹಡಗಿನ ಒಳಗನ್ನು ಬಲ್ಲ ಸಾಕ್ಷಿ.

1788ರಲ್ಲಿ, 62ರ ವಯಸ್ಸಿನಲ್ಲಿ, ನ್ಯೂಟನ್ ಆಫ್ರಿಕಾದ ಗುಲಾಮರ ವ್ಯಾಪಾರದ ಬಗ್ಗೆ ಒಂದು ಕಿರುಪುಸ್ತಕ ಪ್ರಕಟಿಸಿದ. ಕಂಡದ್ದನ್ನೂ ತಾನೇ ಮಾಡಿದ್ದನ್ನೂ ಮುಚ್ಚಿಡದೆ ಬರೆದ. ಈ ಒಪ್ಪಿಗೆ ಬಹಳ ತಡವಾಗಿ ಬಂದಿದೆ, ಆ ವ್ಯವಹಾರಕ್ಕೆ ತಾನೂ ಒಂದು ಕೈಯಾಗಿದ್ದೆನೆಂಬುದು ಸಾಯುವವರೆಗೂ ತಲೆತಗ್ಗಿಸುವ ಸಂಗತಿ ಎಂಬುದು ಅವನ ಮಾತಿನ ತಾತ್ಪರ್ಯ. ಸರ್ಕಾರದ ಸಮಿತಿಯ ಮುಂದೆ ನಿಂತು ಸಾಕ್ಷಿಯನ್ನೂ ಹೇಳಿದ. ಗೌರವಾನ್ವಿತ ಪಾದ್ರಿಯೊಬ್ಬ ಹೀಗೆ ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಳ್ಳಬೇಕೆಂದು ಯಾರೂ ಒತ್ತಾಯಿಸಿರಲಿಲ್ಲ.

ಈ ಧೈರ್ಯ ಎಲ್ಲಿಂದ ಬಂತು? ಹುಡುಗರ ಪ್ರಶ್ನೆಗೆ ಉತ್ತರ ಇಲ್ಲಿದೆ. ತನ್ನ ಒಳ್ಳೆಯ ಹೆಸರೇ ತನ್ನ ಆಸ್ತಿ ಎಂದುಕೊಂಡವನು ತಪ್ಪನ್ನು ಒಪ್ಪಲಾರ, ಒಪ್ಪಿದರೆ ಆಸ್ತಿಯೇ ಹೋಯಿತು. ಮನುಷ್ಯ ತನ್ನ ಯೋಗ್ಯತೆಯಿಂದಲ್ಲ, ದೇವರ ಕ್ಷಮೆಯಿಂದ ಬದುಕುತ್ತಾನೆ ಎನ್ನುವುದು ಕ್ರೈಸ್ತ ಧರ್ಮದ ತಿರುಳು. ಅದನ್ನು ನಿಜವಾಗಿ ನಂಬಿದವನು ತನ್ನ ಬದುಕಿನ ಅತ್ಯಂತ ಕೊಳಕು ಪುಟವನ್ನೂ ತೆರೆದು ನೋಡಬಲ್ಲ, ಹತ್ತು ಜನರಿಗೆ ಓದಿಯೂ ಹೇಳಬಲ್ಲ. ನ್ಯೂಟನ್ನನ ನಂಬಿಕೆ ಸುಳ್ಳಾಗಿದ್ದರೆ 1788ರ ಪುಸ್ತಕ ಬರುತ್ತಿರಲಿಲ್ಲ. ಆ ಪುಸ್ತಕ ಬರದಿದ್ದರೆ ಹಾಡಿನ ಮಾತು ಅರ್ಧಸತ್ಯವಾಗಿ ಉಳಿಯುತ್ತಿತ್ತು. ತಡವಾದದ್ದರಿಂದ ಹೋದ ಜೀವಗಳು ಮರಳಲಿಲ್ಲ, ಅದನ್ನೂ ಮರೆಯುವಂತಿಲ್ಲ.

ನಮ್ಮ ಮನೆಯ ಹಾಳೆ

ಇದೆಲ್ಲ ಇಂಗ್ಲೆಂಡಿನವರ ಪಾಪ, ನಮಗೇನು ಎನ್ನಬೇಡಿ. ನಮ್ಮ ದೇಶದಲ್ಲೂ ಜೀತವನ್ನು ಕಾನೂನು ಮಾಡಿ ರದ್ದುಪಡಿಸಬೇಕಾದದ್ದು 1976ರಲ್ಲಿ. ಮನೆಯೊಳಗೇ ನೋಡಿ. ಕೆಲಸದಾಕೆಗೆ ಕಾಫಿ ಕೊಡುವ ಲೋಟ ಬೇರೆ ಇದೆಯೇ? ನಮ್ಮ ಮಗ ಶಾಲೆಗೆ ಹೋಗುವ ಹೊತ್ತಿನಲ್ಲಿ ಅದೇ ವಯಸ್ಸಿನ ಹುಡುಗ ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದರೆ ನಮಗೆ ಕಾಣುವುದು ಮೇಜೋ, ಹುಡುಗನೋ? ಪರೀಕ್ಷೆ ಇಬ್ಬರಿಗೂ ಇರುವಾಗ ಪಾತ್ರೆ ತೊಳೆಯಲು ಏಳುವವಳು ಮಗಳೊಬ್ಬಳೇ ಏಕೆ? ದೇವರ ಮುಂದೆ ದೀಪ ಹಚ್ಚುವ ಮನೆಯಾಗಲಿ, ಮಂಡಿಯೂರುವ ಮನೆಯಾಗಲಿ, ನಮಾಜು ಮಾಡುವ ಮನೆಯಾಗಲಿ, ಈ ಪ್ರಶ್ನೆಗಳು ಒಂದೇ.

ಮಕ್ಕಳೇ, ವಾರಕ್ಕೊಮ್ಮೆ ಒಂದು ಕೆಲಸ ಮಾಡಿ. ನಿಮ್ಮಿಂದ ಬೇಸರವಾಗಿರಬಹುದಾದ ಒಬ್ಬರನ್ನು, ತಂಗಿಯನ್ನೋ, ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂರುವ ಹುಡುಗನನ್ನೋ, “ನಾನು ಗಮನಿಸದೆ ಮಾಡುವ ತಪ್ಪು ಏನಾದರೂ ಇದೆಯಾ?” ಎಂದು ಕೇಳಿ. ಉತ್ತರ ಬಂದಾಗ ವಾದ ಮಾಡಬೇಡಿ. ಅವರು ನಿಮ್ಮ ಇನ್ನೊಂದು ಕಣ್ಣು. ಗೊತ್ತಾದದ್ದನ್ನು ತಿದ್ದಿಕೊಳ್ಳಲು ಒಂದೇ ದಿನ ಸಾಲದು. ನಿನ್ನೆ ತಿದ್ದಿಕೊಂಡದ್ದು ಇಂದು ಮತ್ತೆ ತಪ್ಪಿದರೆ ಎಲ್ಲ ಸುಳ್ಳೆಂದು ಕೈಬಿಡಬೇಡಿ, ಮತ್ತೆ ಶುರುಮಾಡಿ.

ತಂದೆ ತಾಯಂದಿರಿಗೆ ಒಂದು ಮಾತು. ಕಡಿಮೆ ಅಂಕ ಬಂದ ಪಟ್ಟಿಯನ್ನು ಮಗು ಚೀಲದ ತಳದಲ್ಲಿ ಬಚ್ಚಿಡುತ್ತಿದ್ದರೆ ಅದು ಸುಳ್ಳುಗಾರನಾಗಿಯೇ ಹುಟ್ಟಿತೆಂದಲ್ಲ. ಒಪ್ಪಿಕೊಂಡರೆ ಕ್ಷಮೆ ಸಿಗುತ್ತದೆಂಬ ಭರವಸೆ ಆ ಮನೆಯಲ್ಲಿ ಕಡಿಮೆಯಾಗಿರಬಹುದು. ಕ್ಷಮೆ ಎಂದರೆ ತಪ್ಪನ್ನು ತಪ್ಪಲ್ಲ ಎನ್ನುವುದಲ್ಲ. ತಪ್ಪನ್ನು ಹೆಸರಿಟ್ಟು ಕರೆದು, ಮಗುವನ್ನು ಮಾತ್ರ ಕೈಬಿಡದಿರುವುದು. ಅದಕ್ಕಿಂತ ಮೊದಲು ದೊಡ್ಡವರು ಮಕ್ಕಳ ಮುಂದೆ ಒಮ್ಮೆ “ಇದರಲ್ಲಿ ನನ್ನದೇ ತಪ್ಪು” ಎಂದು ಹೇಳಿ ತೋರಿಸಬೇಕು. ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಹೆಚ್ಚು.

ಮುಪ್ಪಿನಲ್ಲಿ ನ್ಯೂಟನ್ನನ ದೃಷ್ಟಿ ಬಹುಮಟ್ಟಿಗೆ ಹೋಗಿಬಿಟ್ಟಿತು. ಆದರೂ 1807ರ ಮಾರ್ಚ್ 25ರಂದು ಗುಲಾಮರ ವ್ಯಾಪಾರ ನಿಷೇಧದ ಕಾಯಿದೆಗೆ ರಾಜನ ಒಪ್ಪಿಗೆ ಬಿದ್ದ ಸುದ್ದಿ ಕೇಳುವಷ್ಟು ಕಾಲ ಅವನು ಬದುಕಿದ್ದ. ಅದೇ ವರ್ಷದ ಡಿಸೆಂಬರ್ 21ರಂದು, 82ರ ವಯಸ್ಸಿನಲ್ಲಿ ತೀರಿಕೊಂಡ. ಬಿರುಗಾಳಿಯ ರಾತ್ರಿಯಿಂದ ಆ ಕಿರುಪುಸ್ತಕದವರೆಗೆ 40 ವರ್ಷ. ನಮ್ಮ ಮಕ್ಕಳಿಗೆ ಅಷ್ಟು ಕಾಲ ಹಿಡಿಯದಿರಲಿ. ಈ ಭಾನುವಾರ ಮನೆಮಂದಿಯೆಲ್ಲ ಕುಳಿತು ಪ್ರಯೋಗ ಮಾಡಿ, ಚುಕ್ಕೆ ಮಾಯವಾದ ಮೇಲೆ ಹಾಳೆ ಬದಿಗಿಟ್ಟು ಐದು ನಿಮಿಷ ಮಾತನಾಡಿ.